ಪುಟಕ್ಕೆ ರೆಕ್ಕೆಯಿಲ್ಲ

ಬೈಂಡಿಂಗ್ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಪುಸ್ತಕಗಳ ಬೆನ್ನು ಹೊಲಿದವಳು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಅವಳ ನಾಲಿಗೆ. ಎರಡರಲ್ಲಿ ಯಾವುದು ಹೆಚ್ಚು ಚುಚ್ಚುತ್ತದೆ ಎಂದು ಕೇಳಿದರೆ ಪಕ್ಕದ ಮೇಜಿನಲ್ಲಿ ರಟ್ಟು ಕತ್ತರಿಸುವವನು, "ಸೂಜಿಗಾದ್ರೂ ಒಂದು ತುದಿ ಮೊಂಡು ಇರುತ್ತಪ್ಪ" ಎನ್ನುತ್ತಿದ್ದ.

ಆ ಕಾರ್ಖಾನೆಯಲ್ಲಿ ಒಂದು ನಿಯಮವಿತ್ತು. ಹೊಲಿಗೆಗೆ ಬಂದ ಪುಸ್ತಕದಲ್ಲಿ ಒಂದು ಹಾಳೆ ಕಡಿಮೆ ಬಿದ್ದರೆ ಬೇರೆ ಕಡೆಯವರು "ಪುಟ ಹಾರಿದೆ" ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಇಲ್ಲಿಯ ಯಜಮಾನರಿಗೆ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು. "ಹಾರೋಕೆ ಪುಟಕ್ಕೇನು ರೆಕ್ಕೆ ಇದೆಯಾ? ಯಾರೋ ಹಾರಿಸಿದ್ದಾರೆ. ಯಾರ ಕೈಯಿಂದ ಆಯ್ತು ಹೇಳಿ, ಆಮೇಲೆ ಹೊಲಿಗೆ ಬಿಚ್ಚೋಣ" ಎನ್ನುತ್ತಿದ್ದರು. ಬೈಗುಳ ಇಲ್ಲ, ದಂಡ ಇಲ್ಲ. ಮಾಡಿದವರು ಎಲ್ಲರೆದುರು ಎದ್ದು ನಿಂತು "ನನ್ನ ಕೈಯಿಂದ ಆಯ್ತು" ಎನ್ನಬೇಕು, ಅಷ್ಟೇ. ಬೇರೆಯವರು ಬೆರಳು ತೋರಿಸುವ ಹಾಗಿಲ್ಲ. ಆ ಮೂರು ಮಾತು ಹೇಳುವುದಕ್ಕಿಂತ ದಂಡ ಕೊಡುವುದೇ ವಾಸಿ ಎಂದು ಅನೇಕರಿಗೆ ಅನ್ನಿಸಿದ್ದುಂಟು.

ಒಂದು ಶನಿವಾರ ಅವಳು ಗಂಡನ ಆಸ್ಪತ್ರೆಯ ಫೈಲನ್ನು ಕೆಲಸದ ಜಾಗಕ್ಕೆ ತಂದಳು. ಸೋಮವಾರ ಮತ್ತೆ ದೊಡ್ಡಾಸ್ಪತ್ರೆಗೆ ಹೋಗಬೇಕಿತ್ತು. ಕಾಗದಗಳೆಲ್ಲ ಹಿಂದುಮುಂದಾಗಿ, ಮೂಲೆ ಮಡಚಿ, ಚೀಲದಿಂದ ಜಾರಿ ಬೀಳುತ್ತಿದ್ದವು. ಊಟದ ಬಿಡುವಿನಲ್ಲಿ ಎಲ್ಲವನ್ನೂ ತಟ್ಟಿ ಸಮ ಮಾಡಿ, ಅಂಚಿನಲ್ಲಿ ತೂತು ಹಾಕಿ, ಒಂದು ದಾರ ಕಟ್ಟಿಬಿಟ್ಟರೆ ಆಯಿತು ಎಂದುಕೊಂಡಿದ್ದಳು.

ಗಂಡ ಲಿಫ್ಟ್ ಮೆಕ್ಯಾನಿಕ್. ಊರಿನ ಅರ್ಧ ಕಟ್ಟಡಗಳ ಲಿಫ್ಟುಗಳು ಅವನ ಕೈಗುಣದಿಂದ ಏರಿ ಇಳಿಯುತ್ತಿದ್ದವು. ಬೀಡಿ ಸಿಗರೇಟು ಮುಟ್ಟಿದವನಲ್ಲ, ಕುಡಿದವನಲ್ಲ, ಬಾಯಲ್ಲಿ ಏನನ್ನೂ ಅಗಿಯುತ್ತಾ ಕೂತವನಲ್ಲ. ಅವನ ಒಂದೇ ಚಟವೆಂದರೆ ಹಾಳು ಜೋಕು ಹೇಳುವುದು. ಹೀಗಿರುವಾಗ ಒಂದು ದಿನ ಗಡ್ಡ ಕೆರೆಯುತ್ತಿದ್ದಾಗ ಕುತ್ತಿಗೆಯ ಎಡಗಡೆ ಗಂಟೊಂದು ಕೈಗೆ ಸಿಕ್ಕಿತು. ನೋವಿಲ್ಲ, ಜ್ವರವಿಲ್ಲ. ಒಂದು ತಿಂಗಳಾದರೂ ಇಳಿಯಲಿಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ಗಂಟಲೊಳಗಿಂದ ಚೂರು ತೆಗೆದು ಪರೀಕ್ಷೆಗೆ ಹಾಕಿದರು. ಮೂಲ ಟಾನ್ಸಿಲ್‌ನಲ್ಲಿದೆ, ಕ್ಯಾನ್ಸರ್, ಕುತ್ತಿಗೆಯ ಗಂಟು ಅದರದೇ ಮರಿ ಎಂದರು.

ಆ ರಿಪೋರ್ಟು ತಂದವರು ಭಾವ, ಅಂದರೆ ಅವಳ ಗಂಡನ ಅಣ್ಣ. ನಿವೃತ್ತ ಹೆಡ್‌ಮಾಸ್ಟರ್. ಮನೆಯಲ್ಲಿ ಯಾವ ಅರ್ಜಿ ಬರೆಯುವುದಿದ್ದರೂ, ಯಾವ ಕಾಗದ ಓದುವುದಿದ್ದರೂ ಅವರೇ ಆಗಬೇಕು. ತಮ್ಮನನ್ನು ಓದಿಸಿದವರೂ ಅವರೇ, ಓದಲಿಲ್ಲ ಎಂದು ಹೊಡೆದವರೂ ಅವರೇ. ಸೂಜಿಯಕ್ಕ ಆ ವಾರ ಪಠ್ಯಪುಸ್ತಕಗಳ ರಾಶಿಯಡಿ ಸಿಕ್ಕಿಕೊಂಡಿದ್ದಳು. "ನೀನು ಕೆಲಸ ಬಿಟ್ಟು ಯಾಕೆ ಓಡಾಡ್ತೀಯ, ಕಾಗದದ ವ್ಯವಹಾರ ನಾನು ನೋಡ್ಕೊಳ್ತೀನಿ" ಎಂದು ಭಾವ ಹೇಳಿದಾಗ ಅವಳಿಗೆ ಅವರ ಕಾಲಿಗೆ ಬೀಳುವಷ್ಟು ನೆಮ್ಮದಿಯಾಗಿತ್ತು.

ಆಮೇಲೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಸ್ಕ್ಯಾನು ನೋಡಿ, ಗಂಟು ಅಳೆದು, ಒಂದು ಪ್ರಶ್ನೆ ಕೇಳಿದ್ದರು. "ಗಡ್ಡೆಯಲ್ಲಿ ವೈರಸ್ ಇದೆಯಾ ಇಲ್ವಾ ಅಂತ ಒಂದು ಪರೀಕ್ಷೆ ಇರುತ್ತೆ. ಅದು ಆಗಿದೆಯಾ?" ಭಾವ ಕೂಡಲೇ, "ಅಲ್ಲಿ ಮಾಡ್ಲಿಲ್ಲ ಮೇಡಂ" ಎಂದರು. ಹಾಗಾದರೆ ತೆಗೆದ ಚೂರನ್ನು ಆ ಆಸ್ಪತ್ರೆಯಿಂದ ತರಿಸಿ ಇಲ್ಲೇ ಪರೀಕ್ಷೆ ಮಾಡೋಣ ಎಂದರು ಡಾಕ್ಟರಮ್ಮ. "ನಾನು ತರಿಸ್ತೀನಿ" ಎಂದರು ಭಾವ. ಸದ್ಯಕ್ಕೆ ವೈರಸ್ ಇಲ್ಲವೆಂದೇ ಲೆಕ್ಕ ಹಿಡಿದರೆ ಇದು ನಾಲ್ಕನೇ ಹಂತ, ಹತ್ತು ಜನರಲ್ಲಿ ಹೆಚ್ಚುಕಡಿಮೆ ಐದು ಜನ ಐದು ವರ್ಷ ದಾಟುತ್ತಾರೆ ಎಂದು ಆಕೆ ಮುಚ್ಚುಮರೆಯಿಲ್ಲದೆ ಹೇಳಿದರು. ಏಳು ವಾರ ವಿಕಿರಣ, ಜೊತೆಗೆ ಔಷಧ. ಗಂಟಲು ಹುಣ್ಣಾಗುತ್ತದೆ, ನಾಲಿಗೆಯ ರುಚಿ ಹೋಗುತ್ತದೆ, ಸ್ವಲ್ಪ ದಿನ ಕೊಳವೆಯಲ್ಲಿ ಊಟ ಕೊಡಬೇಕಾದೀತು.

ಅಂದಿನಿಂದ ಗಂಡನ ಬಾಯಲ್ಲಿ ಜೋಕು ಕಡಿಮೆಯಾಯಿತು. "ನಾಲ್ಕನೇ ಹಂತ ಅಂದ್ರೆ ಐದನೇದು ಇಲ್ಲ ತಾನೆ?" ಎಂದು ಒಮ್ಮೆ ಕೇಳಿದ. ಇನ್ನೊಮ್ಮೆ, "ಅರ್ಧಕ್ಕರ್ಧ ಅನ್ನೋದು ಎರಡು ಮಹಡಿ ನಡುವೆ ನಿಂತ ಲಿಫ್ಟ್ ಇದ್ದ ಹಾಗೆ ಕಣೇ. ಬಾಗಿಲು ತೆಗೆದ್ರೆ ಎದುರಿಗೆ ಬರೀ ಗೋಡೆ" ಎಂದ. ಕೊನೆಗೆ ತೀರ್ಮಾನ ಹೇಳಿಯೇಬಿಟ್ಟ. ಚಿಕಿತ್ಸೆ ಬೇಡ. ಇರುವಷ್ಟು ದಿನ ಬಾಯಿರುಚಿ ಇಟ್ಟುಕೊಂಡು, ಕೈಲಾದಷ್ಟು ಕೆಲಸ ಮಾಡಿಕೊಂಡು ಇದ್ದುಬಿಡುತ್ತೇನೆ. ಸೋಮವಾರ ಹೋಗಿ, ಬೇಡವೆಂದು ಸಹಿ ಹಾಕಿ ಬರುತ್ತೇನೆ.

ಅವಳು ಅತ್ತಳು, ಬೈದಳು, ಮೂರು ದಿನ ಮಾತು ಬಿಟ್ಟಳು. ಅವನು ಜಗ್ಗಲಿಲ್ಲ. ಭಾವನಿಗಾದರೂ ಹೇಳಿಸೋಣವೆಂದು ಹೋದರೆ ಅವರು ಕನ್ನಡಕ ಒರೆಸುತ್ತಾ, "ಅವನ ದೇಹ, ಅವನ ಇಷ್ಟ. ಬಲವಂತ ಮಾಡಬೇಡಮ್ಮ" ಎಂದರು. ಓದಿಕೊಂಡವರು, ಯೋಚಿಸಿಯೇ ಹೇಳಿರಬೇಕು ಎಂದು ಅವಳು ಬಾಯಿ ಮುಚ್ಚಿಕೊಂಡು ಬಂದಿದ್ದಳು.

ಹೀಗೆ ಆ ಶನಿವಾರ ಮೇಜಿನ ಮೇಲೆ ಕಾಗದ ತಟ್ಟುತ್ತಾ ಕೂತಿದ್ದಳು. ತಟ್ಟಿದರೆ ಹಾಳೆಗಳು ಸಮ ಕೂರಬೇಕು. ಒಂದು ಹಾಳೆ ಕೂರಲಿಲ್ಲ. ಮತ್ತೆ ತಟ್ಟಿದಳು. ಗಂಟಲ ಚೂರಿನ ರಿಪೋರ್ಟು ಉಳಿದವುಗಳಿಗಿಂತ ಒಂದು ಬೆರಳಷ್ಟು ಗಿಡ್ಡವಾಗಿತ್ತು.

ಅವಳು ಅದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಕೆಳಗಿನ ಅಂಚು ಡೊಂಕು. ಯಂತ್ರದಲ್ಲಿ ಕತ್ತರಿಸಿದ್ದಲ್ಲ, ಕೈಕತ್ತರಿ, ಅದೂ ಎರಡು ಸಲ ನಿಲ್ಲಿಸಿ ಕತ್ತರಿಸಿದ್ದು. ಆ ಅಂಚಿನಲ್ಲಿ ಏನಿರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪುಟಸಂಖ್ಯೆ ಇರುತ್ತದೆ. ಮೇಲಿನ ಮೂಲೆ ನೋಡಿದಳು. ಉಳಿದ ಹಾಳೆಗಳಿಗೆ ಪಿನ್ನಿನ ತೂತು ಎರಡೇ ಎರಡು. ಇದಕ್ಕೆ ನಾಲ್ಕು. ಅಂದರೆ ಮೊದಲು ಬೇರೆ ಯಾವುದೋ ಹಾಳೆಯ ಜೊತೆ ಪಿನ್ ಹೊಡೆದಿತ್ತು, ಅದನ್ನು ಬಿಚ್ಚಿ ಆಮೇಲೆ ಸ್ಕ್ಯಾನಿನ ಕಾಗದಗಳ ಜೊತೆ ಇನ್ನೊಂದು ಸಲ ಹೊಡೆದಿದ್ದಾರೆ.

"ಇಲ್ನೋಡು" ಎಂದು ರಟ್ಟಿನವನಿಗೆ ತೋರಿಸಿದಳು.

ಅವನು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ, "ಮುಂದಿನ ಪುಟ ಹಾರಿದೆ ಅಕ್ಕ" ಎಂದ. ತಕ್ಷಣ ನಾಲಿಗೆ ಕಚ್ಚಿಕೊಂಡು, "ಹಾರಿಸಿದ್ದಾರೆ" ಎಂದ.

ಅವಳಿಗೆ ಮೊದಲು ಸಿಟ್ಟು ಬಂದದ್ದು ತನ್ನ ಮೇಲೇ. ಯಾರ್‍ಯಾರದೋ ಪುಸ್ತಕದ ಎಂಟುನೂರು ಪುಟಗಳನ್ನು ಬೆರಳ ತುದಿಯಲ್ಲಿ ಎಣಿಸುವವಳು, ಕಟ್ಟಿಕೊಂಡ ಗಂಡನ ಎರಡು ಪುಟದ ರಿಪೋರ್ಟನ್ನು ಮೂರು ವಾರ ಮುಟ್ಟಿ ನೋಡಿರಲಿಲ್ಲ. ಭಾವ ಓದಿದ್ದಾರಲ್ಲ ಎಂದು ಸುಮ್ಮನಿದ್ದಳು. ಎಂಥ ಬುದ್ಧಿಗೇಡಿ ನಾನು ಎಂದು ತಲೆ ಚಚ್ಚಿಕೊಂಡಳು. ಆಮೇಲೆ ಚೀಲ ಹೆಗಲಿಗೇರಿಸಿ, ಅರ್ಧ ದಿನ ರಜೆ ಎಂದು ಯಜಮಾನರಿಗೆ ಹೇಳಿ, ಬಸ್ಸಿಗೂ ಕಾಯದೆ ಭಾವನ ಮನೆಗೆ ನಡೆದಳು.

ಭಾವನ ಮನೆ ಎರಡನೇ ಮಹಡಿಯಲ್ಲಿತ್ತು. ಓರಗಿತ್ತಿ ಬಾಗಿಲು ತೆಗೆದು, "ಬಾ, ಕೂತ್ಕೋ, ಕಾಫಿ ತರ್ತೀನಿ" ಎಂದು ಒಳಗೆ ಹೋದಳು. ಕಾಫಿ ಬಂದದ್ದು ನೀಲಿ ಅಂಚಿನ ಲೋಟದಲ್ಲಿ. ಸೂಜಿಯಕ್ಕ ಅದನ್ನೇ ನೋಡಿದಳು. ಎರಡು ವಾರದ ಹಿಂದೆ ಗಂಡ ನಕ್ಕುಕೊಂಡು ಹೇಳಿದ್ದ, "ಅತ್ತಿಗೆ ನನಗೆ ಅಂತಲೇ ಒಂದು ಲೋಟ ಇಟ್ಟಿದ್ದಾರೆ ಕಣೇ, ನೀಲಿ ಅಂಚಿಂದು. ವಿಐಪಿ ಆಗ್ಬಿಟ್ಟೆ ನಾನು." ಕಾಯಿಲೆಯವನೆಂದು ಅಕ್ಕರೆ ಇರಬೇಕು ಎಂದು ಆಗ ಇವಳೂ ನಕ್ಕಿದ್ದಳು. ಇವತ್ತು ಆ ಲೋಟ ಅವಳಿಗೂ ಬಂದಿತ್ತು. ಒಳಗಿನ ಕಪಾಟಿನಲ್ಲಿ ಉಳಿದ ಲೋಟಗಳು ಸಾಲಾಗಿ ಹೊಳೆಯುತ್ತಿದ್ದವು, ಒಂದಕ್ಕೂ ನೀಲಿ ಅಂಚಿಲ್ಲ.

ಕಾಫಿ ಮುಟ್ಟದೆ ಅವಳು ಹಾಳೆಯನ್ನು ಭಾವನ ಮುಂದೆ ಮೇಜಿನ ಮೇಲಿಟ್ಟಳು. "ಭಾವ, ಇದರ ಮುಂದಿನ ಪುಟ ಎಲ್ಲಿ?"

"ಯಾವ ಪುಟ? ಅಷ್ಟೇ ಕೊಟ್ಟಿದ್ದು ಅವ್ರು. ನಾನೇನು ಕತ್ತರಿಸಿದ್ನಾ?"

ಕತ್ತರಿಯ ಮಾತು ಅವಳು ಎತ್ತಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ. ಅವಳು ಡೊಂಕು ಅಂಚಿನ ಮೇಲೆ ಬೆರಳಾಡಿಸಿದಳು, ಆಮೇಲೆ ನಾಲ್ಕು ತೂತುಗಳ ಮೇಲೆ. ಭಾವ ಆ ಬೆರಳನ್ನೇ ನೋಡುತ್ತಿದ್ದರು. ಜೀವಮಾನವೆಲ್ಲ ಮಕ್ಕಳ ಕಾಪಿ ಹಿಡಿದವರು, ಸಿಕ್ಕಿಬಿದ್ದವರ ಮುಖ ಹೇಗಿರುತ್ತದೆ ಎಂದು ಅವರಿಗೆ ಗೊತ್ತಿತ್ತು. ತಮ್ಮ ಮುಖವೂ ಹಾಗೇ ಆಗುತ್ತಿದೆ ಎಂದು ಗೊತ್ತಾಗಿರಬೇಕು.

"ನಿನ್ನ ಒಳ್ಳೇದಕ್ಕೇ ಮಾಡಿದ್ದು" ಎಂದರು.

"ನನ್ನ ಒಳ್ಳೇದು ಆಮೇಲೆ ನೋಡೋಣ. ಪುಟ ಕೊಡಿ."

"ಅದರಲ್ಲಿ ಏನು ಬರೆದಿದೆ ಗೊತ್ತಾ ನಿನಗೆ?" ಭಾವ ಅಡಿಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ವೈರಸ್ ಇದೆಯಂತೆ ಅವನಿಗೆ. ಪಾಸಿಟಿವ್. ಅದು ಹೇಗೆ ಬರುತ್ತೆ ಅಂತ ಫೋನಲ್ಲಿ ಹುಡುಕಿ ಓದಿದೆ. ಬಾಯಿಬಿಟ್ಟು ಹೇಳೋ ಮಾತಲ್ಲ. ಗಂಡುಹೆಣ್ಣಿನ ವ್ಯವಹಾರದಿಂದ ಬರೋ ರೋಗ. ಇಂಥ ಮನೆಯಲ್ಲಿ ಹುಟ್ಟಿದವನಿಗೆ ಇದೆಲ್ಲಿಂದ ಅಂಟ್ತು? ನಾಲ್ಕು ಜನಕ್ಕೆ ಗೊತ್ತಾದ್ರೆ ಏನಂತಾರೆ? ನಿನ್ನನ್ನೂ ಸೇರಿಸಿ ಮಾತಾಡ್ತಾರೆ."

"ಆ ನಾಲ್ಕು ಜನ ನಿಮಗೆ ಅಷ್ಟೊಂದು ಬೇಕಾ ಭಾವ? ನಿಮ್ಮ ತಮ್ಮನಿಗೆ ಹೆಗಲು ಕೊಡೋಕೂ ನಾಲ್ಕೇ ಜನ ಸಾಕು. ಅದಕ್ಕೇ ಅವರನ್ನ ಕಾಯಿಸ್ತಾ ಇದ್ದೀರಾ?"

"ನಾಲಿಗೆ ಬಿಗಿ ಹಿಡಿದು ಮಾತಾಡು. ಚಿಕಿತ್ಸೆ ಎರಡಕ್ಕೂ ಒಂದೇ ಅಂತ ಓದಿದೀನಿ ನಾನು. ವೈರಸ್ ಇದ್ರೂ ಅದೇ ವಿಕಿರಣ, ಇಲ್ದಿದ್ರೂ ಅದೇ ವಿಕಿರಣ. ಹಾಗಿರುವಾಗ ಆ ಹಾಳು ಕಾಗದ ಯಾರಿಗೆ ಬೇಕು? ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತ ಎತ್ತಿಟ್ಟೆ."

"ಮತ್ತೆ ಈ ಲೋಟ?" ಅವಳು ನೀಲಿ ಅಂಚಿನ ಲೋಟವನ್ನು ಅವರ ಕಡೆ ತಳ್ಳಿದಳು. "ಯಾರಿಗೂ ಗೊತ್ತಾಗಬಾರದು ಅಂತ ಪುಟ ಎತ್ತಿಟ್ಟವರು ಹೆಂಡತಿಗೆ ಮಾತ್ರ ಹೇಳಿದ್ರಿ. ನಾನು ಅವರ ಹೆಂಡತಿ, ನನಗೆ ಹೇಳ್ಲಿಲ್ಲ. ಅವರ ರೋಗ, ಅವರಿಗೇ ಹೇಳ್ಲಿಲ್ಲ. ಮೂರು ವಾರದಿಂದ ನಮ್ಮಿಬ್ಬರಿಗೆ ಬಿಟ್ಟು ನಿಮ್ಮನೆ ಪಾತ್ರೆಗೆಲ್ಲ ಗೊತ್ತು."

ಒಳಗೆ ಪಾತ್ರೆಯ ಸದ್ದು ನಿಂತುಹೋಯಿತು. ಭಾವ ಎದ್ದು ಪುಸ್ತಕದ ಕಪಾಟಿನ ಬಳಿ ಹೋದರು. ಅಲ್ಲಿ ಒಂದು ದಪ್ಪ ನಿಘಂಟು ಇತ್ತು. ಅದರ ಬೆನ್ನು ಕಿತ್ತುಹೋಗಿದ್ದಾಗ ಇವಳೇ ಕಾರ್ಖಾನೆಗೆ ಒಯ್ದು ಹೊಸ ರಟ್ಟು ಹಾಕಿಕೊಟ್ಟಿದ್ದಳು. ಅದರ ನಡುವಿನಿಂದ ಮಡಚಿದ ಹಾಳೆಯೊಂದನ್ನು ತೆಗೆದು ಕೊಟ್ಟರು. ತಾನು ಹೊಲಿದ ಪುಸ್ತಕದೊಳಗೇ ತನ್ನ ಗಂಡನ ಪುಟ ಕೂತಿತ್ತಲ್ಲ ಎಂದು ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಹೇಳಿದಳು. "ಸೋಮವಾರ ಹತ್ತು ಗಂಟೆಗೆ ನೀವೂ ಬನ್ನಿ. ಪುಟ ಯಾರು ತೆಗೆದ್ರು ಅಂತ ನಾನು ಅವರಿಗೆ ಹೇಳಲ್ಲ. ನೀವೇ ಹೇಳ್ಬೇಕು. ನಮ್ಮ ಕಾರ್ಖಾನೇಲಿ ಹಾಗೇ."

ಮನೆಗೆ ಹೋಗುವ ದಾರಿಯಲ್ಲಿ ಒಂದು ಅಂಗಡಿಯ ಮುಂದೆ ನಿಂತು ಹಾಳೆ ಬಿಡಿಸಿದಳು. ಪಿ ಹದಿನಾರು ಎಂದೇನೋ ಇತ್ತು, ವೈರಸ್ಸಿನ ಹೆಸರಿರಬೇಕು, ಎಚ್‌ಪಿವಿ ಎಂದಿತ್ತು, ಎರಡರ ಮುಂದೆಯೂ ದಪ್ಪಕ್ಷರದಲ್ಲಿ ಪಾಸಿಟಿವ್ ಎಂದಿತ್ತು. ಪಾಸಿಟಿವ್ ಎಂದರೆ ಏನೆಂದು ಗೊತ್ತಿಲ್ಲದವರು ಯಾರಿದ್ದಾರೆ? ರೋಗ ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಗಾಯದ ಮೇಲೆ ಬರೆ ಎಳೆದ ಹಾಗೆ, ಕ್ಯಾನ್ಸರ್ ಸಾಲದೆಂದು ಇನ್ನೊಂದು. ಇದನ್ನು ತೋರಿಸಿದರೆ ಅವನು ಚಿಕಿತ್ಸೆಗೆ ಒಪ್ಪುವುದಿರಲಿ, ಇನ್ನೂ ಕುಗ್ಗಿಹೋಗುತ್ತಾನೆ ಎಂದು ಅವಳಿಗೆ ಹೆದರಿಕೆಯಾಯಿತು. ಒಂದು ಗಳಿಗೆ, ಹಾಳೆಯನ್ನು ಅಲ್ಲೇ ಚರಂಡಿಗೆ ಎಸೆದುಬಿಡಲೇ ಎಂದೂ ಅನ್ನಿಸಿತು. ಹಾಗೆ ಅನ್ನಿಸಿದ ಕೂಡಲೇ ತನಗೂ ಭಾವನಿಗೂ ಏನು ವ್ಯತ್ಯಾಸ ಎಂದು ನಾಚಿಕೆಪಟ್ಟು ಹಾಳೆಯನ್ನು ಚೀಲದೊಳಗಿಟ್ಟಳು. ಒಳ್ಳೆಯ ಪುಟವೋ ಕೆಟ್ಟ ಪುಟವೋ, ಪುಸ್ತಕ ಪೂರ್ತಿ ಇರಬೇಕು.

ಭಾನುವಾರ ಅವಳ ಪಾಲಿಗೆ ಮುಳ್ಳಿನ ಮೇಲೆ ಕೂತ ಹಾಗಿತ್ತು. ಗಂಡ ಅಡಿಗೆಮನೆಯ ನಲ್ಲಿ ಬಿಚ್ಚಿ ವಾಷರ್ ಬದಲಾಯಿಸುತ್ತಿದ್ದ. ತಾನಿಲ್ಲದಾಗ ನೀರು ಸೋರಬಾರದೆಂದು ಮನೆಯ ಒಂದೊಂದೇ ರಿಪೇರಿ ಮುಗಿಸುತ್ತಾ ಬಂದಿದ್ದ, ಅದು ಅವಳಿಗೆ ಗೊತ್ತಿತ್ತು. ಬಗ್ಗಿದ ಅವನ ಬೆನ್ನು ನೋಡುತ್ತಾ ನಿಂತವಳಿಗೆ ಭಾವನ ಮಾತು ಕಿವಿಯಲ್ಲಿ ಹುಳ ಹೊಕ್ಕಂತೆ ಗುಂಯ್‌ಗುಟ್ಟಿತು. ಎಲ್ಲಿಂದ ಅಂಟ್ತು? ಮದುವೆಗೆ ಮುಂಚೆ ಇವನು ಎರಡು ವರ್ಷ ಬೇರೆ ಊರಲ್ಲಿ ಕೆಲಸಕ್ಕಿದ್ದ. ಅಲ್ಲೇನಾದರೂ? ಹಾಗೆ ನೋಡಿದರೆ ತನ್ನ ಕಥೆಯಲ್ಲೂ ಮದುವೆಗೆ ಮುಂಚಿನ ಒಂದು ಅಧ್ಯಾಯ ಇತ್ತು, ಅದನ್ನು ಅವನು ಒಂದು ದಿನವೂ ತೆರೆದು ತೋರಿಸು ಎಂದಿರಲಿಲ್ಲ. ಮೂವತ್ತು ವರ್ಷ ಜೊತೆಗೆ ಬಾಳಿದವನ ಬೆನ್ನನ್ನು ಅನುಮಾನದಿಂದ ನೋಡುವ ಹಾಗೆ ಮಾಡಿದರಲ್ಲ ಆ ದೊಡ್ಡ ಮನುಷ್ಯ ಎಂದು ಅವಳಿಗೆ ಮತ್ತೆ ಸಿಟ್ಟು ಉಕ್ಕಿತು.

"ಏನೇ, ಹಾಗೆ ನಿಂತಿದ್ದೀಯ? ಎರಡು ದಿನದಿಂದ ಒಂದು ಚುಚ್ಚುಮಾತೂ ಇಲ್ಲ. ಮೊದಲು ನಿನ್ನನ್ನ ಡಾಕ್ಟರಿಗೆ ತೋರಿಸ್ಬೇಕು" ಎಂದ ಅವನು ತಿರುಗದೆಯೇ.

"ನಾಳೆ ಹೋಗ್ತಿದೀವಲ್ಲ, ತೋರಿಸಿ" ಎಂದಳು. ಪುಟದ ವಿಷಯ ಭಾವನ ಬಾಯಿಂದಲೇ ಬರಲಿ ಎಂದು ತಡೆದುಕೊಂಡಳು. ಅವಳಿಗೆ ಅದು ಏಳು ಬೆಟ್ಟ ಹತ್ತಿದಷ್ಟು ಕಷ್ಟವಾಯಿತು.

ಸೋಮವಾರ ಭಾವ ಬಂದರು. ಬಾರದೆ ಇರುತ್ತಾರೆ ಎಂದುಕೊಂಡಿದ್ದಳು, ಆದರೆ ಇಸ್ತ್ರಿ ಅಂಗಿ ತೊಟ್ಟು ಹತ್ತಕ್ಕೆ ಐದು ನಿಮಿಷವಿರುವಾಗಲೇ ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಗಂಡ ಆಸ್ಪತ್ರೆಯ ಲಿಫ್ಟಿನ ಸದ್ದಿಗೆ ಕಿವಿಗೊಟ್ಟು, "ಬೇರಿಂಗ್ ಹೋಗಿದೆ ಇದರದ್ದು. ಹೇಳಿಬಿಟ್ಟು ಹೋಗ್ಬೇಕು" ಎಂದು ತನ್ನಷ್ಟಕ್ಕೇ ಹೇಳಿಕೊಂಡ.

ಡಾಕ್ಟರಮ್ಮನ ಕೋಣೆಯಲ್ಲಿ ಮೂರೇ ಕುರ್ಚಿ. ಗಂಡ ಕೂತವನೇ, "ಮೇಡಂ, ನಾನು ಯೋಚನೆ ಮಾಡಿದೀನಿ. ಬೇಡ. ಎಲ್ಲಿ ಸಹಿ ಹಾಕ್ಬೇಕು ಹೇಳಿ" ಎಂದ. ಡಾಕ್ಟರಮ್ಮ ಒಪ್ಪಿಸಲು ಎರಡು ಮಾತು ಹೇಳಿ ನೋಡಿದರು. ಆಮೇಲೆ ಡ್ರಾಯರಿನಿಂದ ಒಂದು ನಮೂನೆ ತೆಗೆದು ಅವನ ಮುಂದಿಟ್ಟರು. ಎಲ್ಲ ತಿಳಿದೂ ಚಿಕಿತ್ಸೆ ನಿರಾಕರಿಸುತ್ತಿದ್ದೇನೆ ಎಂದು ಅದರ ಮೇಲೆ ಅಚ್ಚಾಗಿತ್ತು.

"ಎಲ್ಲ ತಿಳಿದೂ ಅಂತ ಬರ್ದಿದೆ. ಅವರಿಗೆ ಎಲ್ಲ ತಿಳಿದಿಲ್ಲ" ಎಂದಳು ಸೂಜಿಯಕ್ಕ. ಚೀಲದಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಮೊದಲ ಪುಟವನ್ನು ಅದರ ಮೇಲೆ, ತೂತಿಗೆ ತೂತು ಕೂರುವ ಹಾಗೆ ಹೊಂದಿಸಿಟ್ಟಳು.

ಡಾಕ್ಟರಮ್ಮ ಓದಿದರು. ಇನ್ನೊಂದು ಸಲ ಓದಿದರು. ಹಾಳೆಯ ಮೇಲಿನ ತಾರೀಖು, ಹೆಸರು, ನಂಬರು ಎಲ್ಲವನ್ನೂ ಮೊದಲ ಪುಟದ ಜೊತೆ ತಾಳೆ ನೋಡಿದರು. "ಪಾಸಿಟಿವ್" ಎಂದರು. ಆಕೆಯ ಮುಖ ಅರಳಿದ್ದು ನೋಡಿ ಸೂಜಿಯಕ್ಕನಿಗೆ ಈಕೆಗೆ ತಲೆ ಕೆಟ್ಟಿದೆಯೇ ಎನ್ನಿಸಿತು.

"ಇದು ಒಳ್ಳೇ ಸುದ್ದಿ" ಎಂದರು ಡಾಕ್ಟರಮ್ಮ. "ಪಾಸಿಟಿವ್ ಅಂದ್ರೆ ಹೆದರಿಕೆ ಆಗುತ್ತೆ ಎಲ್ಲರಿಗೂ. ಆದ್ರೆ ಈ ಜಾಗದ ಕ್ಯಾನ್ಸರಲ್ಲಿ ಅದು ತಿರುಗುಮುರುಗು. ತಂಬಾಕಿನಿಂದ ಬಂದ ಗಡ್ಡೆ ಜಗಮೊಂಡ, ವಿಕಿರಣಕ್ಕೆ ಬೇಗ ಬಗ್ಗಲ್ಲ. ಈ ವೈರಸ್‌ನಿಂದ ಬಂದದ್ದು ಹಾಗಲ್ಲ, ಅದೇ ಚಿಕಿತ್ಸೆಗೆ ಬೇಗ ಸೋಲುತ್ತೆ. ಅದಕ್ಕೇ ಇದಕ್ಕೆ ಹಂತದ ಲೆಕ್ಕಾನೇ ಬೇರೆ. ಒಂದೇ ಕಡೆ, ಇಷ್ಟೇ ಗಾತ್ರದ ಗಂಟು, ಜೊತೆಗೆ ಇವರು ಸಿಗರೇಟು ಸೇದಿದವರಲ್ಲ. ಇದು ನಾಲ್ಕನೇ ಹಂತ ಅಲ್ಲ. ಒಂದನೇದು."

"ಒಂದು?" ಎಂದ ಗಂಡ.

"ಒಂದು. ಇಂಥವರು ಹತ್ತು ಜನ ಬಂದ್ರೆ ಎಂಟೊಂಬತ್ತು ಜನ ಐದು ವರ್ಷ ದಾಟ್ತಾರೆ. ಬರೆದುಕೊಡೋಕೆ ಆಗಲ್ಲ, ಯಾರಿಗೂ ಆಗಲ್ಲ. ಏಳು ವಾರದ ಕಷ್ಟ ಅದೇ ಇರುತ್ತೆ, ಗಂಟಲು ಉರಿಯೋದೂ ಅದೇ. ಆದ್ರೆ ಆ ಕಷ್ಟದ ಆಚೆ ಏನಿದೆ ಅನ್ನೋದು ಬೇರೆ."

ಗಂಡ ನಿಧಾನಕ್ಕೆ, ನೆಲ ನೋಡುತ್ತಾ, "ಈ ವೈರಸ್ ಬರೋದು ಹೇಗೆ ಮೇಡಂ?" ಎಂದ.

ಭಾವ ಗೋಡೆಯ ಕಡೆ ತಿರುಗಿದರು. ಡಾಕ್ಟರಮ್ಮ ಹವಾಮಾನ ಹೇಳುವ ದನಿಯಲ್ಲೇ ಹೇಳಿದರು. "ಮೈಗೆ ಮೈ ಸೇರಿದಾಗ ಬರುತ್ತೆ. ಹೆಚ್ಚಿನವರಿಗೆ ಬದುಕಲ್ಲಿ ಒಂದ್ಸಲ ತಗಲಿಯೇ ತಗಲುತ್ತೆ, ಒಬ್ಬರ ಜೊತೆಗೇ ಬಾಳಿದವರಿಗೂ. ನೂರಕ್ಕೆ ತೊಂಬತ್ತು ಜನಕ್ಕೆ ಗೊತ್ತೇ ಆಗದ ಹಾಗೆ ಹೋಗಿಬಿಡುತ್ತೆ. ಕೆಲವರಲ್ಲಿ ಇಪ್ಪತ್ತು ಮೂವತ್ತು ವರ್ಷ ಅವಿತು ಕೂರುತ್ತೆ. ಯಾರಿಂದ ಯಾರಿಗೆ ಬಂತು ಅಂತ ಹುಡುಕೋದು ಆಗದ ಮಾತು. ನನ್ನ ಹತ್ರ ಬರೋವ್ರಲ್ಲಿ ಎಲ್ಲಾ ತರದವರೂ ಇದ್ದಾರೆ. ಲೋಟ ತಟ್ಟೆಯಿಂದ ಮಾತ್ರ ಬರಲ್ಲ."

ಲೋಟದ ಮಾತು ಆಕೆ ಸಹಜವಾಗಿ ಹೇಳಿದ್ದು. ಗಂಡನ ತಲೆ ಮೆಲ್ಲಗೆ ಮೇಲೆದ್ದಿತು. ನೀಲಿ ಅಂಚು ಅವನಿಗೂ ನೆನಪಾಗಿರಬೇಕು. ಅವನು ಹೆಂಡತಿಯ ಕಡೆ ತಿರುಗಿದ. "ನೀನು ನನ್ನ ಏನೂ ಕೇಳಲ್ವಾ?"

"ಮೂವತ್ತು ವರ್ಷದ ಹಿಂದಿಂದು ಕೇಳಿ ನನಗೇನಾಗ್ಬೇಕು?" ಎಂದಳು. "ಮೂರು ವಾರದಿಂದ ಈ ಪುಟ ಎಲ್ಲಿತ್ತು ಅನ್ನೋದನ್ನ ಕೇಳಿ, ಅದು ಬೇಕು ನನಗೆ."

ಡಾಕ್ಟರಮ್ಮ ಕ್ಯಾಲೆಂಡರ್ ನೋಡಿ ಹುಬ್ಬು ಗಂಟಿಕ್ಕಿದರು. "ಅದೇ ನಾನೂ ಕೇಳಬೇಕು ಅಂತಿದ್ದೆ. ಪರೀಕ್ಷೆಗೆ ಆ ಚೂರೂ ಬರಲಿಲ್ಲ, ಮೂರು ವಾರ ಸುಮ್ಮನೆ ಹೋಯ್ತು. ಈಗಲೂ ಸಮಯ ಮೀರಿಲ್ಲ, ಆದ್ರೆ ಕಳೆದ ದಿನ ಗಡ್ಡೆಗೆ ಲಾಭ, ನಮಗಲ್ಲ. ತಡ ಯಾಕಾಯ್ತು ಅಂತ ಕೇಸ್ ಪೇಪರಲ್ಲಿ ಬರೀಬೇಕು ನಾನು. ಏನಂತ ಬರೀಲಿ? ಪುಟ ಕಳೆದುಹೋಗಿತ್ತು ಅಂತ ಬರೀಲಾ?"

"ಹೌದು, ಕಳೆದುಹೋಗಿತ್ತು" ಎಂದರು ಭಾವ, ಎಲ್ಲರಿಗಿಂತ ಮುಂಚೆ.

ಸೂಜಿಯಕ್ಕನ ನಾಲಿಗೆಯ ತುದಿಯಲ್ಲಿ ನೂರು ಮಾತು ಇದ್ದವು. ಎಲ್ಲಿಂದ ಬಂತು ಅನ್ನೋದನ್ನ ಓದಿದ ಮಹಾನುಭಾವ ಎಲ್ಲಿಗೆ ಹೋಗುತ್ತೆ ಅನ್ನೋದನ್ನ ಓದಲಿಲ್ಲವಲ್ಲ, ಚಿಕಿತ್ಸೆ ಒಂದೇ ಎನ್ನುವ ಸಾಲಿನ ತನಕ ಬಂದವರಿಗೆ ಅದರ ಮುಂದಿನ ಸಾಲು ಕಣ್ಣಿಗೆ ಬೀಳಲಿಲ್ಲವಲ್ಲ, ಬದುಕುವವನನ್ನು ಮರ್ಯಾದೆಯಾಗಿ ಸಾಯಲು ಬಿಟ್ಟಿರಲ್ಲ ಎಂದು ಕೂಗಬೇಕೆನಿಸಿತು. ಆದರೆ ಮಾತು ಕೊಟ್ಟಾಗಿತ್ತು. ಬೆರಳು ತೋರಿಸುವ ಹಾಗಿಲ್ಲ.

"ಪುಟಕ್ಕೆ ಕಾಲೂ ಇಲ್ಲ, ರೆಕ್ಕೆಯೂ ಇಲ್ಲ ಡಾಕ್ಟ್ರೇ" ಎಂದಳು. "ಅದು ತಾನಾಗಿ ಕಳೆದುಹೋಗಲ್ಲ. ಸ್ವಲ್ಪ ತಡೀರಿ. ಯಾರ ಕೈಯಿಂದ ಆಯ್ತೋ ಅವರೇ ಹೇಳ್ತಾರೆ."

ಪೆನ್ನು ಹಿಡಿದ ಡಾಕ್ಟರಮ್ಮ ಕಾದರು. ಹೊರಗೆ ಲಿಫ್ಟು ಕಿರುಗುಟ್ಟಿಕೊಂಡು ಬಂದು ನಿಂತಿತು, ಬಾಗಿಲು ತೆರೆಯಿತು, ಮುಚ್ಚಿತು. ಭಾವ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಸಾವಿರಾರು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ ನಿಜ ಹೇಳಿಸಿದ ಬಾಯಿ ಅದು. ಗಂಡನಿಗೆ ಅಷ್ಟರಲ್ಲೇ ಅರ್ಥವಾಗಿತ್ತು. ಆದರೂ ಅವನು ಅಣ್ಣನ ಮುಖವನ್ನು ಬಿಟ್ಟು ಕಣ್ಣು ಕದಲಿಸಲಿಲ್ಲ.

"ನನ್ನ ಕೈಯಿಂದ ಆಯ್ತು" ಎಂದರು ಭಾವ ಕೊನೆಗೆ. "ನಾನೇ ತೆಗೆದಿಟ್ಟೆ. ಮರ್ಯಾದೆ ಹೋಗುತ್ತೆ ಅಂತ."

"ಯಾರ ಮರ್ಯಾದೆ?" ಎಂದ ಗಂಡ.

ಡಾಕ್ಟರಮ್ಮ ಬರೆದರು, ಭಾವ ಹೇಳಿದ್ದನ್ನು ಹೇಳಿದ ಹಾಗೇ. ಗಂಡ ತನ್ನ ಮುಂದಿದ್ದ ನಿರಾಕರಣೆಯ ನಮೂನೆಯನ್ನು ಎತ್ತಿಕೊಂಡ. ಹರಿಯುತ್ತಾನೆ ಎಂದುಕೊಂಡಳು ಸೂಜಿಯಕ್ಕ. ಅವನು ಹರಿಯಲಿಲ್ಲ. ಅಂಚಿಗೆ ಅಂಚು ಸೇರಿಸಿ ನಾಲ್ಕಾಗಿ ಮಡಚಿದ, ಎದ್ದು ಹೋಗಿ ಅಣ್ಣನ ಇಸ್ತ್ರಿ ಅಂಗಿಯ ಜೇಬಿನೊಳಗೆ ಇಟ್ಟ.

"ಇದನ್ನ ನೀನೇ ಇಟ್ಕೋ ಅಣ್ಣ" ಎಂದ. "ನನ್ನ ಕಾಗದ ಬಚ್ಚಿಡೋದು ನಿನಗೆ ಚೆನ್ನಾಗಿ ಬರುತ್ತೆ. ಆ ನಿಘಂಟಿನಲ್ಲೋ ಎಲ್ಲೋ ಇಡು, ನಾನು ಯಾವತ್ತೂ ಕೇಳೋಕೆ ಬರಲ್ಲ."

ನಿಘಂಟಿನ ವಿಷಯ ಇವನಿಗೆ ಹೇಗೆ ಗೊತ್ತು ಎಂದು ಸೂಜಿಯಕ್ಕ ಬೆರಗಾದಳು. ಆಮೇಲೆ ಗಂಡ ಯಾವಾಗಲೋ ಹೇಳಿದ್ದು ನೆನಪಾಯಿತು. ಚಿಕ್ಕಂದಿನಲ್ಲಿ ತಮ್ಮನ ಸೊನ್ನೆ ಅಂಕದ ಪೇಪರುಗಳನ್ನು ಅಪ್ಪನಿಗೆ ಕಾಣದ ಹಾಗೆ ಅಣ್ಣ ಇಡುತ್ತಿದ್ದದ್ದೂ ಅಲ್ಲೇ.

ನರ್ಸು ಬಾಗಿಲು ತೆರೆದು, ವಿಕಿರಣ ಕೊಡುವಾಗ ತಲೆ ಅಲುಗದಂತೆ ಹಾಕುವ ಮುಖವಾಡಕ್ಕೆ ಅಳತೆ ಕೊಡುವವರು ಯಾರು ಎಂದು ಕೇಳಿದಳು. "ನಾನು" ಎಂದ ಗಂಡ, ಕುತ್ತಿಗೆಯ ಗಂಟು ಮುಟ್ಟಿಕೊಂಡು ಅವಳ ಹಿಂದೆ ನಡೆದ. ಸೂಜಿಯಕ್ಕ ಎರಡು ಪುಟಗಳನ್ನೂ ತಟ್ಟಿ ಸಮ ಮಾಡಿದಳು. ಒಂದು ಗಿಡ್ಡವೇ ಉಳಿಯಿತು. ಚೀಲದಿಂದ ಸೂಜಿದಾರ ತೆಗೆದು, ಆ ಕೋಣೆಯಲ್ಲೇ, ಭಾವನ ಎದುರಿಗೇ ಕೂತು ಎರಡನ್ನೂ ಸೇರಿಸಿ ಹೊಲಿದಳು.